ಹರಿದ ಕಾಜು, ತಪ್ಪಿದ ಗುಂಡಿ

ಧಾರವಾಡ, 26 ಜುಲೈ 2025, ಶನಿವಾರ ರಾತ್ರಿ

ಶ್ರಾವಣ ನಿನ್ನೆ ಹಿಡಿಯಿತು, ಮಳೆ ಮಾತ್ರ ಇನ್ನೂ ಆಷಾಢದ ಜಿಟಿಜಿಟಿಯನ್ನು ಬಿಟ್ಟಿಲ್ಲ. ಸೋಮವಾರ ವಿಭಾಗದಲ್ಲಿ ನನ್ನ ಸೆಮಿನಾರ್. ವಿಷಯ, ಇಲಿಯ ಪಿ4ಎಚ್‌ಬಿ ಎಂಬ ಜೀನು. ಇಂಗ್ಲಿಷಿನಲ್ಲಿ ಇಲಿಯ ಜೀನಿಗೆ ಮೊದಲ ಅಕ್ಷರವೊಂದೇ ದೊಡ್ಡದು, ಮನುಷ್ಯನದಾದರೆ ಎಲ್ಲವೂ ದೊಡ್ಡವು. ಕನ್ನಡದಲ್ಲಿ ಬರೆದುಕೊಂಡಾಗ ಆ ಭೇದ ಅಳಿಸಿಹೋಗಿ ಇಲಿಯೂ ನಾವೂ ಒಂದೇ ಸಾಲಿನಲ್ಲಿ ಕುಳಿತದ್ದನ್ನು ಕಂಡು ಮಧ್ಯಾಹ್ನ ಒಬ್ಬಳೇ ನಕ್ಕೆ.

ಸಂಜೆ ದೊಡ್ಡವ್ವ ಪಂಚಮಿಗೆಂದು ಶೇಂಗಾ ಉಂಡಿ ಕಟ್ಟುತ್ತಿದ್ದಳು. ಆರು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುವವಳು ಊರಿಗೆಲ್ಲ ಬೆಲ್ಲದ ಉಂಡಿ ಕಟ್ಟುವುದನ್ನು ನೋಡುವಾಗ ನನಗೆ ಪ್ರತಿ ವರ್ಷವೂ ಒಂದು ಬಗೆಯ ಸಂಕಟವಾಗುತ್ತದೆ.

“ಮುಂಜಾನಿಂದ ಏನ್ ಓದಾಕತ್ತೀಯವ್ವಾ?” ಎಂದಳು.

“ಇಲೀ ಬಗ್ಗೆ, ದೊಡ್ಡವ್ವಾ.”

“ಅಡಗಿಮನ್ಯಾಗ ಇದ್ದದ್ದು ಸಾಲದಂತ ಪುಸ್ತಕದಾಗೂ ಹುಡುಕ್ಯಾಡ್ತಿ ಏನು?”

ಅವಳ ಕಾಯಿಲೆಗೂ ಇದಕ್ಕೂ ಸಂಬಂಧವಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಉಂಡಿ ಕಟ್ಟುವ ಕೈ ನಿಂತಿತು. ಸ್ಲೈಡಿನಲ್ಲಿದ್ದುದನ್ನೇ ಒಪ್ಪಿಸತೊಡಗಿ ಎರಡು ವಾಕ್ಯ ಮುಗಿಯುವ ಮೊದಲೇ ಅವಳ ಮುಖ ನೋಡಿ ಸುಮ್ಮನಾದೆ. ಅಷ್ಟರಲ್ಲಿ ತಮ್ಮನ ಮಗ ಅಂಗಿಯ ಗುಂಡಿಯನ್ನು ಒಂದು ಕಾಜು ತಪ್ಪಿಸಿ ಹಾಕಿಕೊಂಡು, ಒಂದು ಬದಿಯ ಅಂಚು ಕೆಳಗೆ ಜೋತಾಡುತ್ತಿರುವಂತೆಯೇ ಒಳಗೆ ಬಂದ. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು, ಅವನನ್ನು ಎಳೆದು ನಿಲ್ಲಿಸಿ, ಗುಂಡಿಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಹಾಕಿದಳು.

ನನಗೆ ಬೇಕಾದದ್ದು ಅದೇ ಆಗಿತ್ತು. ಇನ್ಸುಲಿನ್ ತಯಾರಾಗುವಾಗ ಒಂದು ಉದ್ದನೆಯ ಎಳೆ, ಅದರಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲಗಳು ಆರು, ಅವು ಎರಡೆರಡು ಕೂಡಿ ಮೂರು ಕೊಂಡಿಗಳಾಗಬೇಕು ಎಂದೆ. ಆರನ್ನು ಹಾಗೆ ಜೋಡಿಸಲು 15 ದಾರಿಗಳಿವೆ, ಸರಿಯಾದದ್ದು ಒಂದೇ. ಎಳೆ ತಪ್ಪಾಗಿ ಕೊಂಡಿ ಹಾಕಿಕೊಂಡರೆ ಬಿಚ್ಚಿ ಮತ್ತೆ ಹಾಕುವ ಕಿಣ್ವವೊಂದು ಜೀವಕೋಶದ ಒಳಗಿದೆ, ಅದನ್ನು ತಯಾರಿಸುವ ಜೀನೇ ಈ ಪಿ4ಎಚ್‌ಬಿ. ದೊಡ್ಡವ್ವ ಬಿಚ್ಚಿದ ಗುಂಡಿಯನ್ನು ಕಾಜಿಗೆ ತೂರಿಸುವ ಮುನ್ನ ಎರಡು ಬೆರಳುಗಳಲ್ಲಿ ಹಿಡಿದಿದ್ದಳಲ್ಲ, ಕಿಣ್ವವೂ ತನ್ನದೇ ಗಂಧಕದಿಂದ ಎಳೆಯ ಗಂಧಕವನ್ನು ಗಳಿಗೆ ಹೊತ್ತು ಹಿಡಿದು ಬಿಡುತ್ತದೆ. 1963ರಲ್ಲಿ ಅಮೆರಿಕದ ವಿಜ್ಞಾನಿ ಅನ್‌ಫಿನ್ಸನ್ ಅವರ ಪ್ರಯೋಗಾಲಯದಲ್ಲಿ ಹೆಗ್ಗಣದ ಯಕೃತ್ತಿನಿಂದ ತೆಗೆದ ಸಾರವೊಂದು ಈ ಕೆಲಸವನ್ನು ಚುರುಕಾಗಿಸುತ್ತದೆಂದು ಕಂಡಾಗ ಅದಕ್ಕೆ ಇಂದಿನ ಹೆಸರಿರಲಿಲ್ಲ. ಹೆಸರಿನ ಕಥೆಯೇ ಬೇರೆ: ಚರ್ಮ ಎಲುಬುಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನನ್ನು ಗಟ್ಟಿಗೊಳಿಸುವ ಇನ್ನೊಂದು ಕಿಣ್ವದ (ಪ್ರೊಲಿಲ್ 4-ಹೈಡ್ರಾಕ್ಸಿಲೇಸ್) ಒಂದು ಭಾಗವೂ ಇದೇ ಪ್ರೋಟೀನೆಂದು 1987ರಲ್ಲಿ ತಿಳಿಯಿತು, ಆ ಕೆಲಸದ ಹೆಸರೇ ಜೀನಿಗೆ ಅಂಟಿಕೊಂಡಿತು. ಮನುಷ್ಯರಲ್ಲಿ ಈ ಜೀನು ಕೆಟ್ಟು ಎಲುಬು ಪಟಪಟ ಮುರಿಯುವ ಅಪರೂಪದ ಕಾಯಿಲೆಯೂ ಉಂಟು. ಇದನ್ನು ದೊಡ್ಡವ್ವನಿಗೆ ಹೇಳಲಿಲ್ಲ, ಅವಳ ಮೊಣಕಾಲು ನೋವಿನ ಪುರಾಣ ಶುರುವಾಗುತ್ತಿತ್ತು.

“ಆ ಗುಂಡಿ ಹಾಕೂದು ನನ್ನ ಒಳಗ ಇಲ್ಲೇನು ಹಂಗಾರ?” ಎಂದು ಕೇಳಿದಳು.

ಅಲ್ಲಿಂದ ಮುಂದೆ ನಾನು ಎಚ್ಚರದಿಂದ ಮಾತಾಡಬೇಕಾಯಿತು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಮಾತ್ರ ಈ ಜೀನನ್ನು ತೆಗೆದುಹಾಕಿದ್ದರು. ಸಾಧಾರಣ ಆಹಾರ ತಿಂದುಕೊಂಡಿದ್ದ ಇಲಿಗಳಲ್ಲಿ ಹೇಳಿಕೊಳ್ಳುವಂಥ ತೊಂದರೆ ಕಾಣಿಸಲಿಲ್ಲ. ಕೊಬ್ಬು ಹೆಚ್ಚಿರುವ ಆಹಾರವನ್ನು ವಾರಗಟ್ಟಲೆ ತಿನ್ನಿಸಿದಾಗ, ಜೀನು ಇದ್ದ ಇಲಿಗಳು ಹೇಗೋ ಸಂಭಾಳಿಸಿಕೊಂಡವು, ಇಲ್ಲದವುಗಳಲ್ಲಿ ಸಕ್ಕರೆ ಹತೋಟಿ ತಪ್ಪಿತು, ಮಡಿಕೆ ಕೆಟ್ಟ ಪ್ರೋಇನ್ಸುಲಿನ್, ಅಂದರೆ ಇನ್ಸುಲಿನ್ ಆಗಬೇಕಿದ್ದ ಆ ಉದ್ದನೆಯ ಎಳೆ, ಒಂದಕ್ಕೊಂದು ತೊಡರಿಕೊಂಡು ಕೋಶದೊಳಗೇ ಉಳಿಯಿತು. ದಿನಕ್ಕೆ ಹತ್ತು ಅಂಗಿಯಾದರೆ ಕೈ ಇಲ್ಲದೆಯೂ ನಡೆಯುತ್ತದೆ, ಜಾತ್ರೆಯ ದಿನ ಮಾತ್ರ ಗೊತ್ತಾಗುತ್ತದೆ. ಆದರೆ ನಿನ್ನಲ್ಲಿ ಆ ಜೀನು ಇದೆ ದೊಡ್ಡವ್ವಾ, ಅದು ಇದ್ದೂ ವರ್ಷಗಳ ಹೊರೆಗೆ ಕೋಶಗಳು ದಣಿದಿರಬಹುದು ಎಂದೆ. ‘ಬಹುದು’ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ.

ಅಕೀಟಾ ಇಲಿಯ ಮಾತು ಬೇರೆ. ಜಪಾನಿನ ಆ ಊರಿನ ಹೆಸರಿಟ್ಟುಕೊಂಡ ಇಲಿಯಲ್ಲಿ ಗುಂಡಿ ಹಾಕುವ ಕೈ ಸರಿಯಾಗಿಯೇ ಇದೆ, ಕಾಜೇ ಹರಿದಿದೆ: ಇನ್ಸುಲಿನ್ ಜೀನು ತಯಾರಿಸುವ ಎಳೆಯ 96ನೆಯ ಸ್ಥಾನದಲ್ಲಿ ಸಿಸ್ಟೀನ್ ಇರಬೇಕಾದಲ್ಲಿ ಟೈರೋಸಿನ್ ಎಂಬ ಬೇರೊಂದು ಅಮೈನೊ ಆಮ್ಲ ಬಂದು ಕೂತಿದೆ. ಇಲಿಗೆ ಇನ್ಸುಲಿನ್ ಜೀನುಗಳು ಎರಡು, ತಂದೆತಾಯಿಯಿಂದ ಬಂದವನ್ನೆಲ್ಲ ಎಣಿಸಿದರೆ ನಾಲ್ಕು ಪ್ರತಿಗಳು. ನಾಲ್ಕರಲ್ಲಿ ಮೂರು ಸರಿಯಿದ್ದು ಒಂದು ಕೆಟ್ಟರೂ ಮಧುಮೇಹ ಬರುತ್ತದೆ, ಏಕೆಂದರೆ ಕೆಟ್ಟ ಎಳೆಯ ಒಂಟಿ ಗಂಧಕ ಸುಮ್ಮನಿರದೆ ಒಳ್ಳೆಯ ಎಳೆಗಳನ್ನೂ ಹಿಡಿದುಕೊಂಡು ಕೂರುತ್ತದೆ. ಇದೇ ದೋಷವಿರುವ ಮನುಷ್ಯರೂ ಸಿಕ್ಕಿದ್ದಾರೆ. ಕೈಯ ದೋಷವನ್ನೂ ಅಂಗಿಯ ದೋಷವನ್ನೂ ನನ್ನ ಸ್ಲೈಡುಗಳು ಬೆರೆಸಿಬಿಟ್ಟಿದ್ದವೆಂಬುದು ಹೊಳೆದದ್ದು ಅವಳೆದುರು ಈ ಮಾತು ಆಡುವಾಗಲೇ.

“ಗಂಡಿಲಿಗೋ ಹೆಣ್ಣಿಲಿಗೋ?” ಎಂದಳು ಇದ್ದಕ್ಕಿದ್ದಂತೆ.

ಆರು ತಿಂಗಳ ಓದಿನಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ. ಅಕೀಟಾದಲ್ಲಿ ಗಂಡಿಗೆ ಕಾಯಿಲೆ ತೀವ್ರ, ಹೆಣ್ಣಿಗೆ ಸೌಮ್ಯ ಎಂದೆ.

“ನಮ್ಮ ಮನ್ಯಾಗ ಉಲ್ಟಾ ಆಗೇತಿ ನೋಡು,” ಎಂದು ದೊಡ್ಡಪ್ಪನ ಕೋಣೆಯ ಕಡೆ ಗದ್ದ ಆಡಿಸಿದಳು. ಎಪ್ಪತ್ತೈದರ ದೊಡ್ಡಪ್ಪ ದಿನವೂ ಊಟವಾದ ಮೇಲೆ ಎರಡು ಪೇಢೆ ತಿನ್ನುತ್ತಾರೆ, ಅವರಿಗೆ ಏನೂ ಇಲ್ಲ. ನಕ್ಕೆವು, ಬಹಳ ಹೊತ್ತು ನಗಲಾಗಲಿಲ್ಲ.

ಎಂಟಕ್ಕೆ ಫ್ರಿಜ್ಜಿನಿಂದ ಸೀಸೆ ತೆಗೆದು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದಳು, ತಳದಲ್ಲಿ ಕುಳಿತಿದ್ದ ಬಿಳುಪು ಹಾಲಿನಂತೆ ಹರಡಿತು. ಜೋರಾಗಿ ಅಲುಗಾಡಿಸಬಾರದೆಂದು ಯಾರೋ ಎಂದೋ ಹೇಳಿದ್ದನ್ನು ಇಂದಿಗೂ ತಪ್ಪದೆ ಪಾಲಿಸುತ್ತಾಳೆ. ಕುಲುಕಿದರೆ ಪ್ರೋಟೀನ್ ಗಂಟುಗಟ್ಟುತ್ತದೆ, ಆ ಸೀಸೆಯೊಳಗೆ ಬಿಚ್ಚಿ ಸರಿಪಡಿಸುವ ಕಿಣ್ವವಿಲ್ಲ ಎಂದು ಹೇಳಬೇಕೆಂದಿದ್ದೆ. ಅವಳು ಆಗಲೇ ಸೂಜಿ ಹಿಡಿದು ಹೊಟ್ಟೆಯ ಮಡಿಕೆ ಚಿವುಟಿಕೊಂಡಿದ್ದಳು.

ಈಗ ಹನ್ನೊಂದು. ಏಳನೆಯ ಸ್ಲೈಡನ್ನು ಅಳಿಸಿದ್ದೇನೆ. ಅದರ ಜಾಗದಲ್ಲಿ ಹೆಣ್ಣು ಇಲಿಗಳ ವಿಷಯ ತರಬೇಕು, ಆದರೆ ಹಾಗೆ ತಂದರೆ ಕೊಬ್ಬಿನ ಆಹಾರದ ಪ್ರಯೋಗವನ್ನು ಮೊದಲು