ಅಂಕೋಲೆಯ ಅಂಗಳದಲ್ಲಿ ಹಾಡು ಕಟ್ಟುವವರ ಸಂಜೆ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿ, ಗಂಗಾವಳಿ ನದಿಯನ್ನು ದಾಟಿ ನಾವು ಅಂಕೋಲೆ ತಲುಪಿದಾಗ ಇಳಿಹೊತ್ತಾಗಿತ್ತು. ಊರಿನ ಹೊರವಲಯದ ಹಳೆಯ ಹೆಂಚಿನ ಮನೆಯೊಂದರ ಅಂಗಳದಲ್ಲಿ, ತಾವೇ ಬರೆದು ತಾವೇ ರಾಗ ಹಾಕಿದ ಹಾಡುಗಳನ್ನು ಹಾಡುವವರ ಒಂದು ಕೂಟವಿದೆಯೆಂದು ಸ್ನೇಹಿತರೊಬ್ಬರು ತಿಳಿಸಿದ್ದರು. ಮೈಕಿಲ್ಲ, ವೇದಿಕೆಯಿಲ್ಲ, ಮೊಬೈಲಿನಲ್ಲಿ ಚಿತ್ರೀಕರಣವೂ ಇಲ್ಲ ಎಂಬ ಮೂರು ನಿಯಮಗಳೇ ನನ್ನನ್ನು ಅಷ್ಟು ದೂರ ಕರೆತಂದವು.

ಸೆಗಣಿ ಸಾರಿಸಿದ ಅಂಗಳದಲ್ಲಿ ಚಾಪೆ ಹಾಸಿತ್ತು. ಬಂದವರಿಗೆಲ್ಲ ಮುರುಗಲು ಹಣ್ಣಿನ ಪಾನಕ ಕೊಟ್ಟರು. ಕೇಳುಗರು ಮೂವತ್ತು ನಲವತ್ತು ಮಂದಿಯಷ್ಟೇ ಇದ್ದುದರಿಂದ ಹಾಡುವವರ ಉಸಿರು ಎಲ್ಲಿ ತುಂಡಾಗುತ್ತದೆ ಎಂಬುದೂ ಕಿವಿಗೆ ಬೀಳುತ್ತಿತ್ತು.

ಮೊದಲು ಹಾಡಿದ್ದು ಬೆಂಗಳೂರಿನಿಂದ ಬಂದ ಯುವತಿ. ಕಡಲ ಕಡೆಯ ತೇವದ ಗಾಳಿಗೆ ಗಿಟಾರಿನ ಮರ ಉಬ್ಬಿ ಶ್ರುತಿ ಮತ್ತೆ ಮತ್ತೆ ತಪ್ಪುತ್ತಿತ್ತು. ಉಪ್ಪಿನಂಶಕ್ಕೆ ಉಕ್ಕಿನ ತಂತಿಗಳು ತುಕ್ಕು ಹಿಡಿಯದಂತೆ ಆಕೆ ಪ್ರತಿ ಹಾಡಿನ ನಂತರವೂ ಅವನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಬಾಡಿಗೆ ಮನೆ ಬದಲಿಸುವುದರ ಬಗ್ಗೆ ಆಕೆ ಬರೆದ ಹಾಡು ಸೊಗಸಾಗಿತ್ತು, ಆದರೆ ಅದಕ್ಕಿಂತ ಉದ್ದವಾಗಿ ನೀಡಿದ ವಿವರಣೆ ಬೇಕಿರಲಿಲ್ಲ. ಹಾಡು ತಾನೇ ಹೇಳಬಲ್ಲದ್ದನ್ನು ಮಾತಿನಲ್ಲಿ ಮೊದಲೇ ಹೇಳಿಬಿಟ್ಟರೆ ಕೇಳುವವರ ಪಾಲಿಗೆ ಉಳಿಯುವುದು ಕಡಿಮೆ.

ಶಿರಸಿ ಕಡೆಯ ತರುಣನೊಬ್ಬ ತನ್ನ ಮನೆಮಾತಿನಲ್ಲಿ ಕೊನೆಗೌಡನ ಹಾಡು ಹಾಡಿದ. ಅಡಿಕೆ ಮರ ಏರಿ, ಕೊನೆ ಕೊಯ್ದು, ಮರವನ್ನು ತೂಗಿ ಪಕ್ಕದ ಮರಕ್ಕೆ ಹಾರುತ್ತಿದ್ದ ಮನುಷ್ಯ, ತೋಟಕ್ಕೆ ನೆಲದಿಂದಲೇ ಕೊನೆ ಕೊಯ್ಯುವ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಮೇಲೆ ನೋಡುತ್ತಾನೆ ಎಂಬಷ್ಟೇ ಅದರ ಕಥೆ. ತೋಟದ ಕೆಲಸ ಬಲ್ಲ ಹಿರಿಯರು ಸಾಲು ಸಾಲಿಗೂ ತಲೆಯಾಡಿಸಿದರು.

ನಾನು ಮುಖ್ಯವಾಗಿ ಬರೆಯಬೇಕಾದದ್ದು ಅನಂತರ ಹಾಡಿದ, ಈ ಕರಾವಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿ ಮತ್ತು ಗುಮಟೆ ನುಡಿಸಿದ ಹಿರಿಯರ ಬಗ್ಗೆ. ಗುಮಟೆಯೆಂದರೆ ಎರಡು ಬಾಯಿಯ ಮಣ್ಣಿನ ಮಡಕೆ; ಅಗಲ ಬಾಯಿಗೆ ಚರ್ಮ ಬಿಗಿದು ಒಂದು ಕೈಯಿಂದ ಬಡಿಯುತ್ತಾರೆ, ಕಿರಿದಾದ ಬಾಯಿಯನ್ನು ಇನ್ನೊಂದು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ಉಡ ಸಂರಕ್ಷಿತ ಪ್ರಾಣಿಯಾದುದರಿಂದ ಈಗ ಆಡಿನ ಚರ್ಮ. ಹತ್ತಿರ ಕುಳಿತಿದ್ದ ನನಗೆ ಆ ನಾದ ಕಿವಿಗಿಂತ ಮೊದಲು ಎದೆಗೆ ತಾಗಿತು. ಕೊರಳ ತುಂಬ ಮಣಿಸರ ಧರಿಸಿದ್ದ ಅಜ್ಜಿ ಕಣ್ಣು ಮುಚ್ಚಿ ನೆಟ್ಟಿಯ, ಅಂದರೆ ಭತ್ತದ ಸಸಿ ನೆಡುವಾಗಿನ, ಹಾಡೊಂದನ್ನು ಎತ್ತಿಕೊಂಡರು. ಅದರ ನಡುವೆ, ಆ ವರ್ಷ ತಡವಾಗಿ ಬಂದ ಮಳೆಯ ಸಂಗತಿಯನ್ನು ತಾವೇ ಸೇರಿಸಿ ಹಾಡಿದರು.

ಹೊಸ ಪೀಳಿಗೆಯವರು ಗಿಟಾರ್ ಹಿಡಿದು ಸ್ವಂತ ಹಾಡು ಹಾಡುವುದನ್ನು ನಾವು ಪಟ್ಟಣದಿಂದ ಬಂದ ರೂಢಿ ಎಂದು ಭಾವಿಸುತ್ತೇವೆ. ಆದರೆ ಇದೇ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತಮ್ಮ ಹಾಲಕ್ಕಿ ಜನರ ಅಸಂಖ್ಯ ಹಾಡುಗಳನ್ನು ನೆನಪಿನಲ್ಲೇ ಕಾಪಾಡಿದರು, ಸಾರಾಯಿಯ ವಿರುದ್ಧ ಹೋರಾಟಕ್ಕೂ ಇಳಿದರು. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಬದುಕಿಗೆ ತಕ್ಕ ಹಾಡನ್ನು ಹಾಡಿಕೊಳ್ಳುವ ಪದ್ಧತಿ ಈ ಕರಾವಳಿಯಲ್ಲಿ ಗಿಟಾರಿಗಿಂತ ಹಳೆಯದು. ಆದ್ದರಿಂದ ಸ್ಥಳೀಯರನ್ನು ಆರಂಭದ ಅಲಂಕಾರವಾಗಿ ಕೂರಿಸದೆ, ಬಂದವರಷ್ಟೇ ಹೊತ್ತನ್ನೂ ಬಂದವರಷ್ಟೇ ಸಂಭಾವನೆಯನ್ನೂ ಕೊಟ್ಟ ಆ ಮನೆಯವರ ನಿರ್ಧಾರ ನನಗೆ ಬಹಳ ಸರಿಯೆನಿಸಿತು.

ಗೋವಾದಿಂದ ಬಂದಿದ್ದ ಗಾಯಕ ಕೊಂಕಣಿಯಲ್ಲಿ ಹಾಡಿದಾಗ, ಕಾರವಾರದಿಂದ ಬಂದಿದ್ದವರು ಎರಡನೆಯ ಸಲಕ್ಕೇ ಪಲ್ಲವಿ ಹಿಡಿದರು. ಕೊನೆಯಲ್ಲಿ ಆತ ಅಜ್ಜಿಯ ಹಾಡಿಗೆ ಗಿಟಾರ್ ಸೇರಿಸಲು ಅನುಮತಿ ಕೇಳಿದ. ಆರೂ ತಂತಿ ಮೀಟಿದಾಗ ಏನೂ ಕೂಡಿಬರಲಿಲ್ಲ. ಅಜ್ಜಿಯ ಸ್ವರಗಳು ಗಿಟಾರಿನ ಮೆಟ್ಟುಗಳ ನಡುವೆ ಎಲ್ಲೋ ನಿಲ್ಲುತ್ತಿದ್ದವು. ಗುಮಟೆಯ ಹಿರಿಯರು, "ತಮಾ, ಒಂದೇ ತಂತಿ ಸಾಕು," ಎಂದರು. ಆತ ದಪ್ಪ ತಂತಿಯೊಂದನ್ನೇ ಶ್ರುತಿಯಂತೆ ಮೀಟುತ್ತ ಕುಳಿತ. ಅಜ್ಜಿ ಮತ್ತೆ ಹಾಡಿದರು, ಈ ಬಾರಿ ಗಡಿಯಾಚೆಯಿಂದ ಬಂದ ಹುಡುಗನ ಮೇಲೆ ಎರಡು ಸಾಲು ಹೊಸದಾಗಿ ಕಟ್ಟಿ, ಅವನ ಊರಿನ ಹೆಸರನ್ನೂ ಅದರಲ್ಲಿ ಸೇರಿಸಿದರು.