ಮನೆಯಿಂದ ಕೆಲಸ ಅಂದ್ರೆ ಆರಾಮ ಅಲ್ವಾ?

ಮದುವೆ, ಗೃಹಪ್ರವೇಶ, ಎಲ್ಲಿಗೆ ಹೋದರೂ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ನಿನಗೇನಮ್ಮ, ಮನೇಲೇ ಕೂತು ಕೆಲಸ. ಆರಾಮ ಅಲ್ವಾ?" ಬೆಂಗಳೂರಿನ ಗೆಳತಿಯರು ಇದನ್ನೇ ಬೇರೆ ಥರ ಕೇಳುತ್ತಾರೆ. "ಹೇಗೆ ಹೊಂದಿಕೊಂಡೆ?" ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಆಫೀಸಿನವರು ಆಗಲೇ ಮನೆಯಿಂದ ಕೆಲಸ ಮಾಡಿ ಅಂದಿದ್ದರು. ಹೇಗೂ ಹಬ್ಬ ಅಂತ ಎರಡು ಜೊತೆ ಬಟ್ಟೆ, ಲ್ಯಾಪ್‌ಟಾಪ್ ಹಿಡಿದು ತಿಪಟೂರಿನ ಹತ್ತಿರ ಇರುವ ನಮ್ಮ ಹಳ್ಳಿಗೆ ಬಂದೆ. ಹಬ್ಬದ ದಿನದಿಂದಲೇ ಲಾಕ್‌ಡೌನ್ ಶುರುವಾಯಿತು. 21 ದಿನ ಅಂದರು. ನಾನು ಇವತ್ತಿಗೂ ಇಲ್ಲೇ ಇದ್ದೇನೆ. ತಿಂಗಳಿಗೆ ಎರಡು ಸಲ ರೈಲು ಹತ್ತಿ ಆಫೀಸಿಗೆ ಹೋಗಿ ಬರುತ್ತೇನೆ, ಅಷ್ಟೇ.

ನೆಟ್ಟು, ಕರೆಂಟು ಎಲ್ಲ ಹೇಗಾದರೂ ಸರಿಹೋಗುತ್ತವೆ. ಮೊದಲು ತಾರಸಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಆಮೇಲೆ ಫೈಬರ್ ಬಂತು. ರೂಟರಿಗೆ ಬೇಕಾಗುವುದು ಹತ್ತು ವ್ಯಾಟ್ ಆಸುಪಾಸು. ಅಂಗೈಯಗಲದ ಬ್ಯಾಟರಿಯೊಂದನ್ನು ಇಟ್ಟ ಮೇಲೆ ಕರೆಂಟ್ ಹೋದರೂ ಚಿಂತೆ ಇಲ್ಲ.

ಕಷ್ಟ ಇದ್ದದ್ದು ಸದ್ದಿನದು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುತ್ತಾರೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು, ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ನೀರು ಇಂಗುತ್ತದೆ, ಕೊಬ್ಬರಿ ಚಿಪ್ಪು ಬಿಡುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಆಗ ಕೆಳಗಿಳಿಸಿ ಸುಲಿದು, ಉಂಡೆಗೆ ಏಟು ಬೀಳದ ಹಾಗೆ ಚಿಪ್ಪು ಒಡೆಯಬೇಕು. ಬೆಳಗಿನಿಂದ ಸಂಜೆವರೆಗೆ ಟಕ್ ಟಕ್ ಟಕ್. ನನ್ನ ಟೇಬಲ್ ಇದ್ದದ್ದು ಅದೇ ಅಟ್ಟದ ಕೆಳಗಿನ ಕೋಣೆಯಲ್ಲಿ.

"ಅಪ್ಪಾ, ಮೀಟಿಂಗ್ ಇದೆ, ಸ್ವಲ್ಪ ನಿಲ್ಲಿಸಿ" ಅಂತ ಒಂದು ದಿನ ಹೋಗಿ ಹೇಳಿದೆ. ಅಪ್ಪ ಮಾತಾಡದೆ ಆಳುಗಳಿಗೆ ಕೈ ಸನ್ನೆ ಮಾಡಿದರು. ಐದು ಜನ ಎಲೆ ಅಡಿಕೆ ಹಾಕಿಕೊಂಡು ಒಂದು ಗಂಟೆ ಸುಮ್ಮನೆ ಕೂತರು. ಹನ್ನೊಂದು ತಿಂಗಳು ಕಾದ ಫಸಲು, ಮಾರನೇ ದಿನ ಮಾರ್ಕೆಟ್ಟಿಗೆ ಹೋಗಬೇಕಾದದ್ದು. ನಾನು ಮಾಡಿದ್ದು ತಪ್ಪು ಅಂತ ಆ ದಿನ ನನಗೆ ಅನ್ನಿಸಲೇ ಇಲ್ಲ.

ಅನ್ನಿಸಿದ್ದು ಸುಮಾರು ದಿನ ಕಳೆದ ಮೇಲೆ. ನಮ್ಮ ಟೀಮಿನ ಅರ್ಧ ಜನ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದಾರೆ. ಅವರಿಗೆ ಬೆಳಗ್ಗೆ ಹತ್ತು ಅಂದರೆ ನಮಗೆ ಸಂಜೆ ಏಳೂವರೆ. ಒಂದು ಸಂಜೆ ಕಾಲ್ ನಡುವೆ ನೀರು ಕುಡಿಯಲು ಈಚೆ ಬಂದೆ. ಅಮ್ಮ ಟಿವಿಗೆ ಎರಡು ಅಡಿ ದೂರದಲ್ಲಿ, ನೆಲದ ಮೇಲೆ ಕೂತಿದ್ದಳು. ಅವಳ ಧಾರಾವಾಹಿ ಬರುತ್ತಿತ್ತು. ಸದ್ದು ಪೂರ್ತಿ ಬಂದ್. ಪಾತ್ರಗಳ ತುಟಿ ನೋಡಿಕೊಂಡೇ ಕಥೆ ಹಿಡಿಯಲು ನೋಡುತ್ತಿದ್ದಳು. ನನ್ನನ್ನು ಕಂಡು ಟಿವಿಯನ್ನೇ ಆರಿಸಲು ಎದ್ದಳು.

ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಶುರುವಿನಿಂದಾನೂ" ಅಂದಳು.

ಅವತ್ತಿನಿಂದ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮಿಕ್ಸಿ ಬೆಳಗ್ಗೆ ಆರಕ್ಕೇ ಓಡುತ್ತಿತ್ತು, ನಾನು ಏಳುವ ಮೊದಲು. ಪಕ್ಕದ ಮನೆ ಮಗು ನಮ್ಮ ಜಗಲಿಗೆ ಬರುವುದನ್ನೇ ಬಿಟ್ಟಿತ್ತು. ಬೆಂಗಳೂರಿನಲ್ಲಿ ಆಫೀಸಿನ ಸಿಟ್ಟು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಬಸ್ಸಿನಲ್ಲೇ ಇಳಿದುಹೋಗುತ್ತಿತ್ತು. ಇಲ್ಲಿ ಟೇಬಲ್ಲಿನಿಂದ ಅಡುಗೆಮನೆಗೆ ಎಂಟು ಹೆಜ್ಜೆ. ಆ ಸಿಟ್ಟು ಬಿಸಿ ಆರುವ ಮೊದಲೇ ಅಮ್ಮನ ಮೇಲೆ ಬೀಳುತ್ತಿತ್ತು. "ಹೇಗೆ ಹೊಂದಿಕೊಂಡೆ" ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೊದಲ ಒಂದೂವರೆ ವರ್ಷ ಹೊಂದಿಕೊಂಡದ್ದು ಅಪ್ಪ, ಅಮ್ಮ. ನನ್ನ ಸರದಿ ಬಂದದ್ದು ಆಮೇಲೆ.

ಟೇಬಲನ್ನು ಹಿತ್ತಲ ಕಡೆಯ ಸಾಮಾನಿನ ಕೋಣೆಗೆ ಸಾಗಿಸಿದೆ. ಚಿಕ್ಕ ಕೋಣೆ, ಬೇಸಿಗೆಯಲ್ಲಿ ಸೆಕೆ ಜಾಸ್ತಿ. ಆದರೆ ಟಿವಿ ಸದ್ದು ಅಲ್ಲಿಗೆ ಬರುವುದಿಲ್ಲ. ಕೊಬ್ಬರಿ ಒಡೆಯುವ ದಿನ ಯಾವುದು ಅಂತ ಮೊದಲೇ ಕೇಳಿಕೊಂಡು, ನನ್ನ ಮೀಟಿಂಗನ್ನೇ ಹಿಂದೆ ಮುಂದೆ ಮಾಡುತ್ತೇನೆ. ಆಗದಿದ್ದರೆ ಕಾಲ್‌ನಲ್ಲಿ ಇರುವವರಿಗೆ ಅದು ಯಾವ ಸದ್ದು ಅಂತ ಹೇಳುತ್ತೇನೆ. ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಕಾಲ್ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಯೇ ಅಡುಗೆಮನೆಗೆ ಹೋಗುವುದು.

ಇನ್ನೊಂದು ಕೆಲಸ ಮಾಡಿದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳ ಪಕ್ಕ ಪೆನ್ಸಿಲ್‌ನಲ್ಲಿ ನನ್ನ ಮೀಟಿಂಗ್ ಹೊತ್ತು ಬರೆಯಲು ಶುರು ಮಾಡಿದೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಏಳೂವರೆ ಕಾಲ್ ಎಂಟೂವರೆಗೆ ಬರುತ್ತದೆ. ಮಾರ್ಚಿನ ಎರಡನೇ ಭಾನುವಾರ ಮತ್ತೆ ಏಳೂವರೆ. 2020ರಲ್ಲಿ ಆ ನವೆಂಬರ್ ಭಾನುವಾರ ರಾಜ್ಯೋತ್ಸವದ ದಿನವೇ ಬಿದ್ದಿತ್ತು. ಮಾರನೇ ದಿನದಿಂದ ರಾತ್ರಿ ಊಟ ಯಾಕೆ ತಡ ಆಯಿತು ಅಂತ ಮನೆಯಲ್ಲಿ ಯಾರಿಗೂ ಹೇಳಿರಲೇ ಇಲ್ಲ ನಾನು.

ಈಗ ಪೆನ್ಸಿಲ್ ಅಮ್ಮನ ಕೈಯಲ್ಲಿದೆ. ಹೊಸ ವರ್ಷದ ಕ್ಯಾಲೆಂಡರ್ ಮನೆಗೆ ಬಂದ ಕೂಡಲೇ ಮೊದಲು ಯುಗಾದಿ ಯಾವತ್ತು ಅಂತ ನೋಡುತ್ತಾಳೆ. ಆಮೇಲೆ ಮಾರ್ಚಿನ ಎರಡನೇ ಭಾನುವಾರ ಹುಡುಕಿ, ಪಕ್ಕದಲ್ಲಿ 7.30 ಅಂತ ಬರೆದಿಡುತ್ತಾಳೆ.