ಐದು ದಿನ ಕತ್ತಲಲ್ಲಿಟ್ಟ ಬಾಟಲಿ: ಹೊರದೇಶದಲ್ಲಿ ಪರಿಸರ ಎಂಜಿನಿಯರಿಂಗ್ ಓದುವವರಿಗೆ

ಪರಿಸರ ಎಂಜಿನಿಯರಿಂಗ್ ಅಂದರೆ ಗಿಡ ನೆಡುವ ಓದು ಅಂದುಕೊಂಡು ಅರ್ಜಿ ಹಾಕುವವರು ಈಗ ಕಡಿಮೆ. ಆದರೆ ಸಿವಿಲ್ ಪದವಿಯಲ್ಲಿ ಒಂದೆರಡು ಪತ್ರಿಕೆ ಓದಿ, ಸ್ನಾತಕೋತ್ತರವೂ ಹೀಗೇ ಇರುತ್ತದೆ ಅಂದುಕೊಂಡು ವಿಮಾನ ಹತ್ತುವವರು ಈಗಲೂ ಬಹಳ. ತೊಟ್ಟಿಯ ಉದ್ದ, ಅಗಲ, ಆಳ ತೆಗೆಯುವ ಸೂತ್ರ ಬಾಯಿಗೆ ಬಂದರೆ ಪದವಿಯಲ್ಲಿ ಅಂಕ ಬರುತ್ತಿತ್ತು. ಇಲ್ಲಿ ಮೊದಲ ತಿಂಗಳಲ್ಲೇ ಎದುರಾಗುವ ಪ್ರಶ್ನೆ ಬೇರೆ: ನೀನು ಬರೆದ ಈ ಸಂಖ್ಯೆ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು, ಅದು ತಪ್ಪಾಗಿದ್ದರೆ ನಿನಗೆ ಹೇಗೆ ಗೊತ್ತಾಗುತ್ತದೆ? ಈ ಓದಿನ ಕಷ್ಟವೂ ಸುಖವೂ ಬಹುಪಾಲು ಈ ಪ್ರಶ್ನೆಯಲ್ಲೇ ಇದೆ.

ತರಗತಿಯಲ್ಲಿ ಪಕ್ಕ ಕೂತವರೆಲ್ಲ ಸಿವಿಲ್‌ನವರಲ್ಲ. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಭೂವಿಜ್ಞಾನ, ಕೆಮಿಕಲ್ ಎಂಜಿನಿಯರಿಂಗ್, ಕೃಷಿ ಎಲ್ಲದರಿಂದಲೂ ಬಂದಿರುತ್ತಾರೆ. ಸಿವಿಲ್‌ನವರು ಎಡವುವುದು ಜಲರಸಾಯನದಲ್ಲಿ: ಆಮ್ಲ-ಕ್ಷಾರ ಸಮತೋಲನ, ಕಾರ್ಬೊನೇಟ್, ಕರಗುವಿಕೆ. ರಸಾಯನಶಾಸ್ತ್ರದವರು ಎಡವುವುದು ದ್ರವಗಳ ಹರಿವಿನಲ್ಲಿ. ಬರುವ ಮುನ್ನ ಎರಡು ತಿಂಗಳು ಸಿಕ್ಕರೆ ಹೊಸ ಸಾಫ್ಟ್‌ವೇರ್ ಕಲಿಯುವ ಬದಲು ಈ ಹಳೆಯ ಪಾಠ ಗಟ್ಟಿ ಮಾಡಿಕೊಳ್ಳುವುದೇ ಮೇಲು.

ಕೋರ್ಸ್ ಆರಿಸುವಾಗ ಹೆಸರು ನೋಡಿ ಮೋಸ ಹೋಗಬೇಡಿ. ಒಂದೇ ಹೆಸರಿನ ಪದವಿ ಒಂದು ಕಡೆ ಸಿವಿಲ್ ವಿಭಾಗದಲ್ಲಿರುತ್ತದೆ, ಇನ್ನೊಂದು ಕಡೆ ಕೆಮಿಕಲ್‌ನಲ್ಲಿ, ಮತ್ತೊಂದು ಕಡೆ ಭೂಗೋಳದಲ್ಲಿ. ಪ್ರತಿ ವಿಷಯದ ವಿವರಪುಟ ತೆರೆದು ಮೂರು ಸಂಗತಿ ಹುಡುಕಿ. ಪ್ರಯೋಗಾಲಯ ಎಷ್ಟು ಗಂಟೆ? ಪರೀಕ್ಷೆ ಬರವಣಿಗೆಯದೋ ಮೌಖಿಕವೋ? ಮೊದಲೇ ಏನು ಓದಿರಬೇಕು? ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಗಳ ಕೆಲಸ. ಆರು ಕ್ರೆಡಿಟ್‌ನ ವಿಷಯಕ್ಕೆ 150 ಗಂಟೆ ಹಿಡಿಯಿರಿ. ವಾರಕ್ಕೆ ನಾಲ್ಕು ಗಂಟೆಯಂತೆ 14 ವಾರ ಪಾಠ ನಡೆದರೆ 56 ಗಂಟೆ. ಉಳಿದ ನೂರರಷ್ಟು ಗಂಟೆ ನಿಮ್ಮ ತಲೆಯ ಮೇಲೆ. ವೇಳಾಪಟ್ಟಿ ಖಾಲಿ ಕಂಡಿತೆಂದು ಅರೆಕಾಲಿಕ ಕೆಲಸ ತುಂಬಿಸಿಕೊಂಡವರು ಪೇಚಿಗೆ ಬೀಳುವುದು ಇಲ್ಲೇ.

ಇನ್ನು ಪ್ರಯೋಗಾಲಯ. ಬಿಒಡಿ ಎಲ್ಲರಿಗೂ ಗೊತ್ತು ಅನ್ನಿಸುವ ಪರೀಕ್ಷೆ, ಎಲ್ಲರೂ ಕೆಡಿಸುವ ಪರೀಕ್ಷೆಯೂ ಅದೇ. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬ ಅಳತೆ ಇದು. ಐದು ದಿನದ ಈ ಪದ್ಧತಿ ಗಟ್ಟಿಯಾದದ್ದು ಬ್ರಿಟನ್ನಿನ ಕೊಳಚೆ ವಿಲೇವಾರಿ ರಾಯಲ್ ಆಯೋಗದ 1912ರ ವರದಿಯಿಂದ. ಅಲ್ಲಿನ ನದಿನೀರು ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ಬೇಕಿಲ್ಲ, ಅದಕ್ಕೇ ಐದು ದಿನ ಎಂದು ಪಾಠ ಹೇಳುವವರು ಕಾರಣ ಕೊಡುವುದುಂಟು. ಅದೇ ಐದು ದಿನವನ್ನು ಇವತ್ತು ಇಡೀ ಜಗತ್ತು ಕಾಯುತ್ತಿದೆ.

300 ಮಿಲಿಲೀಟರ್ ಬಾಟಲಿ, 20 ಡಿಗ್ರಿ ಸೆಲ್ಸಿಯಸ್, ಪೂರ್ತಿ ಕತ್ತಲು. ಬೆಳಕು ಬಿದ್ದರೆ ಪಾಚಿ ಆಮ್ಲಜನಕ ಬಿಡುತ್ತದೆ, ಲೆಕ್ಕ ಕೆಡುತ್ತದೆ. ಮಾದರಿಯನ್ನು ತೆಳುಗೊಳಿಸುವ ನೀರಿಗೆ ಫಾಸ್ಫೇಟ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್ ದ್ರಾವಣಗಳನ್ನು ಲೀಟರಿಗೆ ಒಂದೊಂದು ಮಿಲಿಲೀಟರ್ ಹಾಕಿ, ಗಾಳಿ ತುಂಬಿಸಬೇಕು. 20 ಡಿಗ್ರಿಯಲ್ಲಿ ನೀರು ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಮಾತ್ರ. ಪರೀಕ್ಷೆಯ ತಾಪತ್ರಯವೆಲ್ಲ ಹುಟ್ಟುವುದು ಈ ಮಿತಿಯಿಂದ.

ಕೊಳಚೆ ನೀರಿನ ಬಿಒಡಿ ಲೀಟರಿಗೆ 210 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಬಾಟಲಿಗೆ ಅದರ 6 ಮಿಲಿಲೀಟರ್ ಹಾಕಿ, ಉಳಿದದ್ದಕ್ಕೆ ತೆಳುಗೊಳಿಸುವ ನೀರು ತುಂಬಿದರೆ ಕೊಳಚೆ ಶೇ. 2. ಮೊದಲ ದಿನ 8.8 ಇದ್ದ ಆಮ್ಲಜನಕ ಐದನೆಯ ದಿನ 4.6ಕ್ಕೆ ಇಳಿಯುತ್ತದೆ, ವ್ಯತ್ಯಾಸ 4.2, ಅದನ್ನು 0.02ರಿಂದ ಭಾಗಿಸಿದರೆ 210. ಕೈ ಧಾರಾಳವಾಗಿ 30 ಮಿಲಿಲೀಟರ್ ಹಾಕಿದಿರೋ, 21 ಮಿಲಿಗ್ರಾಂ ಬೇಕಾಗುತ್ತದೆ, ಬಾಟಲಿಯಲ್ಲಿ ಇರುವುದೇ 8.8. ಐದನೆಯ ದಿನ ಮೀಟರ್ ಸೊನ್ನೆ ತೋರಿಸುತ್ತದೆ, ಐದು ದಿನ ಮಣ್ಣುಪಾಲು. ತೀರಾ ಕಡಿಮೆ, ಒಂದೂವರೆ ಮಿಲಿಲೀಟರ್ ಹಾಕಿದರೆ ಇಳಿಕೆ 1.05 ಅಷ್ಟೇ. ಕನಿಷ್ಠ 2 ಮಿಲಿಗ್ರಾಂ ಇಳಿಯಬೇಕು, ಕೊನೆಗೆ ಕನಿಷ್ಠ 1 ಉಳಿಯಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಆ ಬಾಟಲಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದ್ದರಿಂದ ಒಂದೇ ಮಾದರಿಗೆ ಮೂರು ಬೇರೆ ಬೇರೆ ಪ್ರಮಾಣ ಇಡುವುದು ವಾಡಿಕೆ.

ಜೊತೆಗೆ ಎರಡು ಕಾವಲು ಬಾಟಲಿಗಳು. ಒಂದರಲ್ಲಿ ಬರೀ ತೆಳುಗೊಳಿಸುವ ನೀರು. ಐದು ದಿನದಲ್ಲಿ 0.2 ಮಿಲಿಗ್ರಾಂಗಿಂತ ಹೆಚ್ಚು ಇಳಿದರೆ ನೀರೇ ಕೊಳೆ, ಅಥವಾ ಬಾಟಲಿ ಸರಿಯಾಗಿ ತೊಳೆದಿಲ್ಲ. ಇನ್ನೊಂದರಲ್ಲಿ ಗ್ಲೂಕೋಸ್ ಮತ್ತು ಗ್ಲುಟಾಮಿಕ್ ಆಮ್ಲ ಲೀಟರಿಗೆ ತಲಾ 150 ಮಿಲಿಗ್ರಾಂ ಇರುವ ದ್ರಾವಣ, ಅದಕ್ಕೆ ಸೂಕ್ಷ್ಮಜೀವಿಗಳ ಬೀಜ. ಉತ್ತರ 198, ಹೆಚ್ಚುಕಡಿಮೆ 30 ಬರಬೇಕು. ಎಷ್ಟೇ ಎಚ್ಚರದಿಂದ ಮಾಡಿದರೂ ಬಿಒಡಿಯಲ್ಲಿ ಶೇ. 15ರ ಓಲಾಟ ಸಹಜ ಎಂದು ಆ 30 ಹೇಳುತ್ತಿದೆ. ಇಷ್ಟು ಗೊತ್ತಿದ್ದೂ ವರದಿಯಲ್ಲಿ 209.67 ಎಂದು ಬರೆದರೆ ಇಲ್ಲಿ ಅಂಕ ಕಳೆಯುತ್ತಾರೆ. 210 ಎಂದು ಬರೆಯಿರಿ.

ಮತ್ತೊಂದು ಸೂಕ್ಷ್ಮವಿದೆ. ಶುದ್ಧೀಕರಿಸಿದ ನೀರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿರುತ್ತವೆ, ಅವೂ ಆಮ್ಲಜನಕ ಬಳಸುತ್ತವೆ. ತಡೆಯುವ ರಾಸಾಯನಿಕ ಹಾಕದೆ ಇಟ್ಟರೆ ಚೆನ್ನಾಗಿ ನಡೆಯುವ ಘಟಕವೇ ಕೆಟ್ಟದಾಗಿ ಕಾಣುತ್ತದೆ. ಕ್ಲೋರಿನ್ ಹಾಕಿದ ನೀರಿನದು ಇದರ ತದ್ವಿರುದ್ಧ ಕಥೆ: ಕ್ಲೋರಿನ್ ತೆಗೆಯದೆ, ಬೀಜ ಹಾಕದೆ ಇಟ್ಟರೆ ತಿನ್ನುವ ಜೀವಿಗಳೇ ಇಲ್ಲದೆ ಬಿಒಡಿ ಸೊನ್ನೆಯ ಹತ್ತಿರ ಬಂದು ನೀರು ಬಲು ಶುದ್ಧ ಅನ್ನಿಸುತ್ತದೆ.

ತೇಲುಕಣಗಳ ಪರೀಕ್ಷೆ ಇದಕ್ಕಿಂತ ಸರಳ, ಆದರೆ ತಾಳ್ಮೆ ಬೇಡುತ್ತದೆ. ಗಾಜಿನ ನಾರಿನ ಫಿಲ್ಟರನ್ನು ತೊಳೆದು, 103ರಿಂದ 105 ಡಿಗ್ರಿಯಲ್ಲಿ ಒಣಗಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ತಣಿಸಿ ತೂಗಬೇಕು. ಬಿಸಿ ಇರುವಾಗಲೇ ತೂಗಿದರೆ ಸುತ್ತಲ ಗಾಳಿ ಮೇಲೇಳುವುದರಿಂದ ತೂಕ ಕಡಿಮೆ ತೋರುತ್ತದೆ. ಬೆರಳಲ್ಲಿ ಮುಟ್ಟಿದರೆ ಚರ್ಮದ ಜಿಡ್ಡು ತೂಕಕ್ಕೆ ಸೇರುತ್ತದೆ. ಚಿಮುಟವನ್ನೇ ಬಳಸಿ.

ಕೊಳೆಯನ್ನು ಜೀವಿಗಳ ಬದಲು ರಾಸಾಯನಿಕದಿಂದ ಉತ್ಕರ್ಷಿಸಿ ಆಮ್ಲಜನಕದ ಬೇಡಿಕೆ ಅಳೆಯುವ ಸಿಒಡಿಯಲ್ಲಿ ಪರೀಕ್ಷೆಗಿಂತ ಅದರ ತ್ಯಾಜ್ಯ ದೊಡ್ಡ ವಿಷಯ. ಡೈಕ್ರೋಮೇಟ್, ಗಂಧಕಾಮ್ಲ, ಬೆಳ್ಳಿ, ಪಾದರಸ ಎಲ್ಲ ಸೇರಿ 150 ಡಿಗ್ರಿಯಲ್ಲಿ ಎರಡು ಗಂಟೆ ಕುದ್ದ ಆ ದ್ರವ ಸಿಂಕಿಗೆ ಹೋಗುವಂತಿಲ್ಲ. ಡಬ್ಬದ ಮೇಲೆ ಒಳಗೇನಿದೆ, ಯಾವ ದಿನ, ಯಾವ ಅಪಾಯ ಎಂಬ ಚೀಟಿ ಇರಲೇಬೇಕು. ಚೀಟಿಯಿಲ್ಲದ ಒಂದು ಡಬ್ಬ ಸಿಕ್ಕರೆ ಪ್ರಯೋಗಾಲಯದ ಪ್ರವೇಶವೇ ರದ್ದಾಗಬಹುದು. ಪಾದರಸ ಹಾಕುವುದು ಕ್ಲೋರೈಡನ್ನು ಕಟ್ಟಿಹಾಕಲು. ಉಪ್ಪುನೀರಿನ ಮಾದರಿಯಲ್ಲಿ ಅದು ಸಾಲದೆ ಹೋದರೆ ಕ್ಲೋರೈಡೂ ಉತ್ಕರ್ಷಣಗೊಂಡು ಸಿಒಡಿ ಸುಳ್ಳೇ ಏರುತ್ತದೆ.

ಮಾದರಿ ತರುವಾಗಲೇ ಅರ್ಧ ತಪ್ಪು ಆಗಿಹೋಗಿರುತ್ತದೆ. ಹೊಳೆಯಲ್ಲಿ ನಿಂತಾಗ ಹರಿವು ಬರುವ ದಿಕ್ಕಿಗೆ ಮುಖ ಮಾಡಿ, ಕಾಲು ಕದಡಿದ ಕೆಸರು ಬಾಟಲಿಗೆ ಬಾರದ ಹಾಗೆ ತುಂಬಿಕೊಳ್ಳಿ. ಸಾಮಾನ್ಯ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಬೇಕು, ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಕುಲುಕಲೇಬಾರದು. ಕ್ಲೋರಿನ್ ಅಳಿಸಲು ಅದರೊಳಗೆ ಮೊದಲೇ ಹಾಕಿಟ್ಟ ಸೋಡಿಯಂ ಥಯೋಸಲ್ಫೇಟ್ ತೊಳೆದುಹೋಗುತ್ತದೆ. ಲೋಹಗಳ ಮಾದರಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸುತ್ತಾರೆ. ಅದೇ ಅಭ್ಯಾಸದಲ್ಲಿ ನೈಟ್ರೇಟ್ ಮಾದರಿಗೂ ನೈಟ್ರಿಕ್ ಸುರಿದವರಿದ್ದಾರೆ. ಆಮೇಲೆ ಅಳೆದದ್ದು ಹೊಳೆಯ ನೈಟ್ರೇಟನ್ನಲ್ಲ, ತಾವೇ ಸುರಿದ ಆಮ್ಲವನ್ನು.

ನೈಟ್ರೇಟ್ ಎಂದ ಕೂಡಲೇ ಅಳತೆಯ ಏಕಮಾನದ ಗೊಂದಲ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿಯಲ್ಲಿ ಮಿತಿ ಲೀಟರಿಗೆ 50 ಮಿಲಿಗ್ರಾಂ. ಅಮೆರಿಕದ ಮಿತಿ 10. ಅಮೆರಿಕ ಐದು ಪಟ್ಟು ಬಿಗಿ ಎಂದು ವರದಿ ಬರೆದರೆ ನಗೆಪಾಟಲು. ಮೊದಲನೆಯದು ಇಡೀ ನೈಟ್ರೇಟ್ ಅಯಾನಿನ ತೂಕ, ಎರಡನೆಯದು ಅದರೊಳಗಿನ ಸಾರಜನಕದ್ದು ಮಾತ್ರ. 62ರಲ್ಲಿ 14 ಸಾರಜನಕ, ಹಾಗಾಗಿ 50 ಅಂದರೆ 11.3. ಎರಡೂ ಹೆಚ್ಚುಕಡಿಮೆ ಒಂದೇ.

ಇಂಥದ್ದೇ ಇನ್ನೊಂದು ಬಲೆ ಹಳೆಯ ಪುಸ್ತಕಗಳಲ್ಲಿದೆ. ನದಿಯಲ್ಲಿ ಆಮ್ಲಜನಕ ಕುಸಿದು ಮತ್ತೆ ಏರುವ ಲೆಕ್ಕವನ್ನು ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಓಹಾಯೋ ನದಿಯ ಅಧ್ಯಯನದಿಂದ ಕೊಟ್ಟರು. ಎಲ್ಲ ಕಡೆಯೂ ಇದನ್ನು ಮೊದಲು ಕೈಯಲ್ಲಿ, ಆಮೇಲೆ ಪೈಥಾನ್ ಅಥವಾ ಆರ್‌ನಲ್ಲಿ ಮಾಡಿಸುತ್ತಾರೆ. ಕೊಳೆಯುವ ವೇಗಾಂಕವನ್ನು ಹಳಬರು ಹತ್ತರ ಘಾತದಲ್ಲಿ ಕೊಡುತ್ತಿದ್ದರು: ದಿನಕ್ಕೆ 0.1. ಈಗಿನ ಸೂತ್ರ ಸ್ವಾಭಾವಿಕ ಲಾಗರಿದಮ್‌ನದು, ಅದರಲ್ಲಿ ಇದು 0.23. ಗಮನಿಸದೆ 0.1 ಅನ್ನೇ ತುಂಬಿದರೆ ಐದು ದಿನದಲ್ಲಿ ಶೇ. 68 ಕೊಳೆಯಬೇಕಾದದ್ದು ಶೇ. 39 ಆಗುತ್ತದೆ, 210ರ ಬಿಒಡಿಯಿಂದ ಕೊಳೆಯೆಲ್ಲ ಮುಗಿಯುವವರೆಗಿನ ಒಟ್ಟು ಆಮ್ಲಜನಕದ ಬೇಡಿಕೆ 307 ಬರುವ ಬದಲು 534 ಬರುತ್ತದೆ. ಪ್ರೋಗ್ರಾಂ ದೋಷ ತೋರಿಸುವುದಿಲ್ಲ. ಗ್ರಾಫ್ ಕೂಡ ಚಂದವಾಗಿಯೇ ಇರುತ್ತದೆ.

ಹಾಗಾದರೆ ತಪ್ಪು ಸಿಗುವುದು ಹೇಗೆ? ಜಮಾ-ಖರ್ಚು ನೋಡಿ. ಒಳಗೆ ಬಂದದ್ದು, ಹೊರಗೆ ಹೋದದ್ದು, ಒಳಗೇ ಉಳಿದದ್ದು, ನಡುವೆ ರೂಪ ಬದಲಿಸಿದ್ದು: ಈ ನಾಲ್ಕು ಕೂಡಬೇಕು. ಮಾಸ್ ಬ್ಯಾಲೆನ್ಸ್ ಎಂದು ಕರೆಯುವ ಇದನ್ನು ಮೊದಲ ವಾರ ಹೇಳಿಕೊಟ್ಟು, ಕೊನೆಯ ಪರೀಕ್ಷೆಯವರೆಗೂ ಕೇಳುತ್ತಲೇ ಇರುತ್ತಾರೆ. ಗಾಳಿ ಊದುವ ಕೆಸರುತೊಟ್ಟಿಯಲ್ಲಿ ಒಳಬಂದ ಸಿಒಡಿ ಒಂದೋ ಹೊರನೀರಿನಲ್ಲಿರಬೇಕು, ಇಲ್ಲವೇ ಹೊರಹಾಕಿದ ಕೆಸರಿನಲ್ಲಿ, ಇಲ್ಲವೇ ಖರ್ಚಾದ ಆಮ್ಲಜನಕದ ಲೆಕ್ಕದಲ್ಲಿ. ಒಂದು ಗ್ರಾಂ ಜೀವರಾಶಿ ಅಂದರೆ 1.42 ಗ್ರಾಂ ಸಿಒಡಿ. ಕೂಡಿದಾಗ ಶೇ. 70 ಮಾತ್ರ ಸಿಕ್ಕರೆ ಜೀವಿಗಳ ಮೇಲೆ ಹೊಸ ಸಿದ್ಧಾಂತ ಕಟ್ಟಬೇಡಿ, ಮೊದಲು ಪಂಪಿನ ಹರಿವು ಅಳೆಯಿರಿ. ಗಾಳಿಯಿಲ್ಲದ ರಿಯಾಕ್ಟರಿನಲ್ಲಾದರೆ ಒಂದು ಗ್ರಾಂ ಸಿಒಡಿಗೆ 0.35 ಲೀಟರ್ ಮೀಥೇನ್, ಆದರೆ ಅದು ಸೊನ್ನೆ ಡಿಗ್ರಿಯ ಲೆಕ್ಕ. ರಿಯಾಕ್ಟರ್ ಇರುವ 35 ಡಿಗ್ರಿಯಲ್ಲಿ ಅದೇ ಅನಿಲ 0.395 ಲೀಟರ್ ಆಗಿರುತ್ತದೆ. ತಾಪಮಾನದ ತಿದ್ದುಪಡಿ ಮರೆತವರಿಗೆ ಶೇ. 13 ಮೀಥೇನ್ ಪುಕ್ಕಟೆ.

ಮೌಖಿಕ ಪರೀಕ್ಷೆ ನಮ್ಮ ಕಡೆಯವರಿಗೆ ಹೊಸದು. ಅರ್ಧ ಗಂಟೆ, ಎದುರಿಗೆ ಪ್ರಾಧ್ಯಾಪಕರು, ಒಂದು ಬಿಳಿ ಹಾಳೆ. ವ್ಯಾಖ್ಯೆ ಕೇಳುವುದಿಲ್ಲ. "ರಾತ್ರಿ ಗಾಳಿ ಊದುವ ಬ್ಲೋವರ್ ನಿಂತಿತು, ಬೆಳಿಗ್ಗೆ ಹೋದಾಗ ಏನೇನು ಕಾಣುತ್ತೀರಿ?" ಎಂಬ ಧಾಟಿಯ ಪ್ರಶ್ನೆ. ಕರಗಿದ ಆಮ್ಲಜನಕ ನಿಮಿಷಗಳಲ್ಲಿ ಸೊನ್ನೆಯತ್ತ ಇಳಿಯುತ್ತದೆ. ನೈಟ್ರೀಕರಣ, ಅಂದರೆ ಅಮೋನಿಯಾ ನೈಟ್ರೇಟ್ ಆಗುವ ಕೆಲಸ, ನಿಂತು ಹೊರನೀರಿನಲ್ಲಿ ಅಮೋನಿಯಾ ಏರುತ್ತದೆ. ಇರುವ ನೈಟ್ರೇಟ್ ಸಾರಜನಕ ಅನಿಲವಾಗಿ, ಆ ಗುಳ್ಳೆಗಳು ಕೊನೆಯ ತೊಟ್ಟಿಯಲ್ಲಿ ಕೆಸರನ್ನು ಮೇಲಕ್ಕೆ ತೇಲಿಸುತ್ತವೆ. ಅದೂ ಮುಗಿದ ಮೇಲೆ ಕೊಳೆತ ಮೊಟ್ಟೆಯ ವಾಸನೆ. ಈ ಕ್ರಮದಲ್ಲಿ ಹೇಳಿದರೆ ಸಾಕು. ಮುಂದಿನ ಪ್ರಶ್ನೆ ಪಿಎಚ್ ಬಗ್ಗೆ ಬರುವ ಸಂಭವ ಹೆಚ್ಚು, ಅದಕ್ಕೆ 7.14 ನೆನಪಿರಲಿ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಅಷ್ಟು ಮಿಲಿಗ್ರಾಂ ಕ್ಷಾರೀಯತೆ (ಆಮ್ಲವನ್ನು ತಾಳಿಕೊಳ್ಳುವ ಶಕ್ತಿ) ಬೇಕು. 40 ಮಿಲಿಗ್ರಾಂ ಬಂದರೆ 286. ನೀರಿನಲ್ಲಿ 200 ಮಾತ್ರ ಇದ್ದರೆ ಪಿಎಚ್ ಕುಸಿದು ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನೈಟ್ರೇಟನ್ನು ಅನಿಲವಾಗಿಸಿದರೆ ಅದರಲ್ಲಿ ಅರ್ಧ, 3.57, ಮರಳಿ ಸಿಗುತ್ತದೆ.

ಪ್ರಬಂಧದ ಆರು ತಿಂಗಳು ಉದ್ದ ಅನ್ನಿಸುತ್ತದೆ. ವಾರಗಳಲ್ಲಿ ಎಣಿಸಿ: 26. ಸುರಕ್ಷತಾ ತರಬೇತಿ, ಪಂಪು, ಸಂವೇದಕ ತರಿಸುವುದಕ್ಕೆ ನಾಲ್ಕು ವಾರ. ಕೆಸರಿನ ವಯಸ್ಸು, ಅಂದರೆ ಕೆಸರು ಒಳಗೆ ಸರಾಸರಿ ಉಳಿಯುವ ಕಾಲ, 20 ದಿನ ಇಟ್ಟರೆ ರಿಯಾಕ್ಟರ್ ಸ್ಥಿರವಾಗಲು ಕನಿಷ್ಠ ಅದರ ಮೂರು ಪಟ್ಟು, 60 ದಿನ, ಅಂದರೆ ಒಂಬತ್ತು ವಾರ. ಬರೆಯಲು ಆರು. ನಿಜವಾದ ಅಳತೆಗೆ ಉಳಿಯುವುದು ಏಳು ವಾರ, ಅದೂ ಏನೂ ಕೆಡದಿದ್ದರೆ. ಆಮ್ಲಜನಕವಿಲ್ಲದೆ ಅಮೋನಿಯಾ ತಿನ್ನುವ ಅನಾಮಾಕ್ಸ್‌ನಂಥ ಬ್ಯಾಕ್ಟೀರಿಯಾ ದ್ವಿಗುಣಗೊಳ್ಳಲು ಹತ್ತು ದಿನಕ್ಕೂ ಮೇಲೆ ತೆಗೆದುಕೊಳ್ಳುವುದುಂಟು. ಮಾರ್ಗದರ್ಶಕರ ಬಳಿ ಆಗಲೇ ಓಡುತ್ತಿರುವ ರಿಯಾಕ್ಟರ್ ಇಲ್ಲದಿದ್ದರೆ ಆ ವಿಷಯಕ್ಕೆ ಕೈ ಹಾಕಬೇಡಿ.

ಓಡುವಾಗ ಕೆಡುವುದು ಸಣ್ಣ ಸಣ್ಣವೇ. ನಳಿಕೆಯನ್ನು ಹಿಂಡಿ ದ್ರವ ದೂಡುವ ಪೆರಿಸ್ಟಾಲ್ಟಿಕ್ ಪಂಪಿನ ರಬ್ಬರ್ ನಳಿಕೆ ಸವೆದು ಹರಿವು ಸದ್ದಿಲ್ಲದೆ ಇಳಿಯುತ್ತದೆ. ವಾರಕ್ಕೊಮ್ಮೆ ಅಳತೆ ಜಾಡಿ, ಸ್ಟಾಪ್‌ವಾಚ್ ಹಿಡಿದು ನೋಡಿ. ಒಳಬರುವ ನಳಿಕೆಯ ಗೋಡೆಯಲ್ಲೇ ಲೋಳೆ ಬೆಳೆದು ರಿಯಾಕ್ಟರಿಗೆ ತಲುಪುವ ಮೊದಲೇ ಕೊಳೆಯನ್ನು ತಿಂದುಬಿಡುತ್ತದೆ, ಅದಕ್ಕೆ ಫೀಡ್ ಡಬ್ಬವನ್ನು 4 ಡಿಗ್ರಿಯಲ್ಲಿಟ್ಟು ನಳಿಕೆಯನ್ನು ಆಗಾಗ ಬದಲಿಸಬೇಕು. ವರ್ಷದ ಕೊನೆಯ ರಜೆಗೆ ಕಟ್ಟಡ ಮುಚ್ಚುವುದಾದರೆ ಒಳಗೆ ಬರಲು ಅನುಮತಿಪತ್ರವನ್ನು ತಿಂಗಳ ಮೊದಲೇ ಕೇಳಿ, ಯಾವ ದಿನ ಯಾರು ಡಬ್ಬ ತುಂಬಿಸುತ್ತಾರೆ ಎಂಬ ಪಟ್ಟಿಯನ್ನು ರಿಯಾಕ್ಟರಿನ ಮೇಲೆಯೇ ಅಂಟಿಸಿ.